ಖೋಲಿ ಬಿಡುವ ಮುನ್ನ ಎಷ್ಟು ಸ್ವಚ್ಛ ಮಾಡಬೇಕು?

ಧರ್ಮಶಾಲೆ, ಯಾತ್ರಿ ನಿವಾಸ, ಬಾಡಿಗೆ ಮನೆಯಲ್ಲಿ ತಂಗುವವರಿಗೆ ಉಪಯುಕ್ತ ಮಾಹಿತಿ

ಛಟ್ಟಿ ಅಮಾವಾಸ್ಯೆ ಬಂತೆಂದರೆ ಜತ್ತ ತಾಲೂಕಿನ ಗುಡ್ಡಾಪುರದ ದಾರಿಗಳೆಲ್ಲ ಪಾದಯಾತ್ರಿಗಳಿಂದ ತುಂಬುತ್ತವೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ, ಸೊಲ್ಲಾಪುರ ಕಡೆಯಿಂದ ಜನ ರೊಟ್ಟಿ-ಚಟ್ನಿ ಗಂಟು ಕಟ್ಟಿಕೊಂಡು ನಡೆದು ಬರುತ್ತಾರೆ. ದಾನಮ್ಮದೇವಿಯ ದರ್ಶನ ಪಡೆದು ಒಂದು ರಾತ್ರಿ ಉಳಿದು ಮರಳುತ್ತಾರೆ. ಇಂಥ ದಿನಗಳಲ್ಲಿ ಒಂದು ತಂಡ ಖೋಲಿ ಬಿಡುವಾಗಲೇ ಇನ್ನೊಂದು ತಂಡ ಬಾಗಿಲಲ್ಲಿ ಬಂದು ನಿಂತಿರುತ್ತದೆ. ಹೋದವರ ಕಸ ಬಂದವರ ಕಾಲಿಗೆ ಸಿಗುತ್ತದೆ. ಜಗಳವೂ ಅಲ್ಲಿಂದಲೇ ಶುರು.

ಗುಡ್ಡಾಪುರಕ್ಕೆ ಮಾತ್ರವಲ್ಲ, ಸವದತ್ತಿ ಯಲ್ಲಮ್ಮನಗುಡ್ಡ, ಚಿಂಚಲಿ ಮಾಯಕ್ಕ, ಪಂಢರಪುರ, ತುಳಜಾಪುರ, ಅಕ್ಕಲಕೋಟೆಗೆ ಹೋಗುವ ನಮ್ಮ ಗಡಿಭಾಗದವರಿಗೂ ಇದೇ ಪ್ರಶ್ನೆ. ಈಗ ಹುಡುಗರು ಗೋವಾ, ಮಹಾಬಳೇಶ್ವರದಲ್ಲಿ ಇಡೀ ಮನೆಯನ್ನೇ ಬಾಡಿಗೆ ಹಿಡಿಯುವುದೂ ಬಂದಿದೆ. "ದುಡ್ಡು ಕೊಟ್ಟೀವಲ್ಲ, ಅವರೇ ತೆಗೀಲಿ" ಎನ್ನುವವರು ಒಂದು ಕಡೆ. "ನಾಲ್ಕು ಬಕೆಟ್ ನೀರು ಹಾಕಿ ತೊಳೆದೇ ಹೋಗೋಣ" ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತೂ ಪೂರ್ತಿ ಸರಿಯಲ್ಲ.

ಒಂದೇ ಮಾತಿನಲ್ಲಿ ಹೇಳುವುದಾದರೆ: ನಾವು ತಂದ ಕಸ, ನಾವು ಉಂಡ ಎಂಜಲು, ನಾವು ಹೂಡಿದ ಒಲೆ ನಮ್ಮ ಪಾಲು. ನೆಲ ಒರೆಸುವುದು, ಚಾದರ ಬದಲಿಸುವುದು, ಸಂಡಾಸು ತಿಕ್ಕುವುದು ಬಾಡಿಗೆ ಪಡೆದವರ ಪಾಲು. ಬಾಡಿಗೆಯೇ ಇಲ್ಲದ ಕಡೆ ಕಸ ಗುಡಿಸುವುದೂ ನಮ್ಮ ಪಾಲಿಗೆ ಸೇರುತ್ತದೆ.

ತಂಗುದಾಣದಲ್ಲಿ ಮೂರು ಬಗೆ

1. ಧರ್ಮಶಾಲೆ, ಮಠ, ಗುಡಿಯ ಪಡಸಾಲೆ: ಇಲ್ಲಿ ಬಾಡಿಗೆ ಇರುವುದಿಲ್ಲ, ಇದ್ದರೂ ಹೆಸರಿಗಷ್ಟೇ. ಆಳುಗಳು ಕಡಿಮೆ. ಮಲಗಿದ ಜಾಗ ಗುಡಿಸಿ, ಚಾಪೆ ಸುತ್ತಿಟ್ಟು ಹೋಗುವುದು ಹಿಂದಿನಿಂದ ನಡೆದುಬಂದ ರೂಢಿ.

2. ಯಾತ್ರಿ ನಿವಾಸ, ಭಕ್ತ ನಿವಾಸ: ದೇವಸ್ಥಾನದ ಟ್ರಸ್ಟ್ ನಡೆಸುವ, ಕಡಿಮೆ ದರದ ಖೋಲಿಗಳು. ಧಾರ್ಮಿಕ ದತ್ತಿ ಸಂಸ್ಥೆಗಳು ದೇವಸ್ಥಾನದ ಆವರಣದಲ್ಲಿ ದಿನಕ್ಕೆ 1,000 ರೂಪಾಯಿಗಿಂತ ಕಡಿಮೆ ದರಕ್ಕೆ ಕೊಡುವ ಖೋಲಿಗೆ ಜಿಎಸ್‌ಟಿ ಇಲ್ಲ ಎಂದು ಕೇಂದ್ರ ಸರಕಾರ 2022ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತ್ತು. ಅಂದರೆ ಸರಕಾರವೂ ಇದನ್ನು ಪೂರ್ತಿ ವ್ಯಾಪಾರವೆಂದು ಎಣಿಸುವುದಿಲ್ಲ. ಗುಡಿಸಿ ಒರೆಸಲು ಜನ ಇರುತ್ತಾರೆ, ಆದರೆ ಜಾತ್ರೆ ದಿನ ಒಬ್ಬರ ಪಾಲಿಗೆ ಹತ್ತಾರು ಖೋಲಿ ಬರುತ್ತವೆ.

3. ಲಾಡ್ಜ್, ಹೋಂ ಸ್ಟೇ, ಬಾಡಿಗೆ ಬಂಗಲೆ: ಇದು ವ್ಯಾಪಾರ. ಸ್ವಚ್ಛತೆಯ ಖರ್ಚು ಬಾಡಿಗೆಯಲ್ಲೇ ಸೇರಿರುತ್ತದೆ, ಇಲ್ಲವೇ ಬೇರೆಯಾಗಿ ಹಾಕಿರುತ್ತಾರೆ.

ನೀವು ಉಳಿದ ಜಾಗ ಈ ಮೂರರಲ್ಲಿ ಯಾವುದು ಎಂದು ತಿಳಿದರೆ ಅರ್ಧ ಪ್ರಶ್ನೆ ಬಗೆಹರಿದಂತೆ.

ಎಲ್ಲಿ ಉಳಿದರೂ ಮಾಡಬೇಕಾದ್ದು

* ಎಂಜಲು, ಪತ್ರಾವಳಿ, ಉಳಿದ ಅನ್ನ-ಸಾರು ಖೋಲಿಯಲ್ಲಿ ಬಿಡಬಾರದು. ಒಂದು ರಾತ್ರಿ ಬಿಟ್ಟರೆ ಇರುವೆ, ಇಲಿ, ನಾಯಿ ಎಲ್ಲವೂ ಬರುತ್ತವೆ.
* ಹಸಿ ಕಸ, ಒಣ ಕಸ ಬೇರೆ ಬೇರೆ ಚೀಲದಲ್ಲಿ ಹಾಕಿ, ತೋರಿಸಿದ ಡಬ್ಬಿಗೇ ಹಾಕಬೇಕು. ಕಿಟಕಿಯಿಂದ ಹಿತ್ತಿಲಿಗೆ ಎಸೆಯಬಾರದು.
* ಮಕ್ಕಳ ಡೈಪರ್, ಹೆಣ್ಣುಮಕ್ಕಳ ಪ್ಯಾಡ್ ಹಳೇ ಪೇಪರಿನಲ್ಲಿ ಬಿಗಿಯಾಗಿ ಸುತ್ತಿ ಡಬ್ಬಿಗೆ ಹಾಕಬೇಕು. ಸಂಡಾಸಿನಲ್ಲಿ ಎಂದೂ ಹಾಕಬಾರದು.
* ಎಲೆ-ಅಡಿಕೆ, ಗುಟಕಾ ಉಗುಳು ಗೋಡೆಗೆ, ಮೆಟ್ಟಿಲ ಮೂಲೆಗೆ ಬೀಳಬಾರದು. ಬಿದ್ದಿದ್ದರೆ ಉಗುಳಿದವರೇ ತೊಳೆಯಬೇಕು.
* ಭಂಡಾರ, ಕುಂಕುಮ, ಎಣ್ಣೆ ಚೆಲ್ಲಿದ್ದರೆ ಆಗಲೇ ಒಣ ಬಟ್ಟೆಯಿಂದ ಒರೆಸಿಬಿಡಬೇಕು. ಒಣಗಿದ ಮೇಲೆ ಅರಿಶಿಣದ ಕಲೆ ಚಾದರದಿಂದ ಹೋಗುವುದಿಲ್ಲ.
* ನಳ, ಫ್ಯಾನು, ದೀಪ, ಗ್ಯಾಸ್ ಬಂದ್ ಮಾಡಿ ಕೀಲಿಯನ್ನು ಕೈಗೇ ಒಪ್ಪಿಸಬೇಕು.
* ಏನಾದರೂ ಒಡೆದಿದ್ದರೆ ಮುಚ್ಚಿಡದೆ ಹೇಳಬೇಕು. ಹೇಳದೆ ಹೋದರೆ ಆ ನಷ್ಟ ಕಸ ಗುಡಿಸುವವರ ತಲೆಗೆ ಬರುವುದುಂಟು.

ಇಷ್ಟಕ್ಕೆ ಹತ್ತು-ಹದಿನೈದು ನಿಮಿಷ ಸಾಕು.

ನಿಮ್ಮ ಕೆಲಸ ಅಲ್ಲದ್ದು

ಬಾಡಿಗೆ ಕೊಟ್ಟ ಕಡೆ ನೆಲ ಒರೆಸುವುದು, ಸಂಡಾಸು ಬಚ್ಚಲು ತಿಕ್ಕುವುದು, ಚಾದರ ಒಗೆಯುವುದು, ಕಿಟಕಿ ಗಾಜು ಒರೆಸುವುದು ಉಳಿದುಕೊಂಡವರ ಕೆಲಸವಲ್ಲ. ಬಳಸಿದ ಚಾದರ, ಟಾವೆಲ್‌ಗಳನ್ನು ಒಂದು ಕಡೆ ಗುಂಪಾಗಿ ಇಟ್ಟರೆ ಸಾಕು. ಮಡಚಿ ಮೊದಲಿನಂತೆ ಹಾಸಿಬಿಟ್ಟರೆ ತೊಂದರೆಯೇ ಹೆಚ್ಚು. ಬಳಸಿಲ್ಲ ಎಂದು ತಿಳಿದು ಅದನ್ನೇ ಮುಂದಿನವರಿಗೆ ಬಿಡುವ ಸಂಭವವಿದೆ.

ಈ ಹೊಣೆಯ ಹಂಚಿಕೆ ಹೊಸದಲ್ಲ. ಬ್ರಿಟಿಷರು 1867ರಲ್ಲಿ ತಂದ ಸರಾಯಿ ಕಾಯ್ದೆಯಲ್ಲಿ ಖೋಲಿ, ಪಡಸಾಲೆ, ಗಟಾರ, ನೀರಿನ ಬಾವಿ ಸ್ವಚ್ಛವಾಗಿಡುವ ಹೊಣೆಯನ್ನು ಸರಾಯಿ ನಡೆಸುವವನ ಮೇಲೆಯೇ ಹಾಕಲಾಗಿತ್ತು. ದರದ ಪಟ್ಟಿಯನ್ನು ಕಾಣುವಂತೆ ಹಾಕಬೇಕು ಎಂದೂ ಅದರಲ್ಲಿತ್ತು.

ವಿದೇಶದಲ್ಲೂ ಇದೇ ಚರ್ಚೆ ನಡೆದಿದೆ. ಅಮೆರಿಕದಲ್ಲಿ ಬಾಡಿಗೆ ಮನೆಯವರು ಸ್ವಚ್ಛತಾ ಶುಲ್ಕವನ್ನೂ ತೆಗೆದುಕೊಂಡು, ಚಾದರ ಒಗೆಯಿರಿ, ನೆಲ ಸ್ವಚ್ಛ ಮಾಡಿರಿ ಎಂದು ಪಟ್ಟಿ ಕೊಡುತ್ತಾರೆಂದು ಗ್ರಾಹಕರು ಸಿಟ್ಟಿಗೆದ್ದರು. ಮನೆ ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿ ಕಂಪನಿ 2022ರ ನವೆಂಬರ್‌ನಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ದೀಪ ಆರಿಸುವುದು, ಉಳಿದ ಆಹಾರ ಕಸದ ಡಬ್ಬಿಗೆ ಹಾಕುವುದು, ಬಾಗಿಲು ಹಾಕುವುದು ಅತಿಥಿಯಿಂದ ಕೇಳಬಹುದು, ಹಾಸಿಗೆ ಬಟ್ಟೆ ತೆಗೆಯುವುದು, ಒಗೆಯುವುದು ಕೇಳಬಾರದು ಎಂಬುದು ಅದರ ನಿಲುವು. ಗುಡ್ಡಾಪುರದ ಖೋಲಿಗೂ ಈ ಲೆಕ್ಕ ಹೊಂದುತ್ತದೆ.

ಅಡುಗೆ ಮಾಡಿದ್ದರೆ ಲೆಕ್ಕ ಬೇರೆ

ನಮ್ಮ ಕಡೆಯ ಯಾತ್ರೆಯಲ್ಲಿ ಅಡುಗೆ ಬಿಟ್ಟರೆ ಯಾತ್ರೆಯೇ ಅಲ್ಲ. ಬನದ ಹುಣ್ಣಿಮೆ, ಭರತ ಹುಣ್ಣಿಮೆಗೆ ಯಲ್ಲಮ್ಮನಗುಡ್ಡಕ್ಕೆ ಹೋದವರು ಹೋಳಿಗೆ, ಕಡುಬು, ವಡೆ ಮಾಡಿ ಪಡ್ಡಲಗಿ ತುಂಬಿಸುತ್ತಾರೆ. ಒಂದು ಮನೆತನದ ಇಪ್ಪತ್ತು ಮಂದಿ ಒಂದು ಖೋಲಿ ಹಿಡಿದು ಅಡುಗೆ ಹೂಡಿದರೆ ಅಲ್ಲಿ ಉಳಿಯುವ ಬೂದಿ, ಎಣ್ಣೆ, ಸಿಪ್ಪೆ, ಮುಸುರೆ ಸಾಮಾನ್ಯ ಖೋಲಿಯ ಕಸವಲ್ಲ. ಇದನ್ನು ಬಾಡಿಗೆಯಲ್ಲಿ ಸೇರಿದೆ ಎನ್ನಲಾಗದು.

ಹಾಗಾಗಿ ಅಡುಗೆ ಮಾಡಿದವರು ಮಾಡಬೇಕಾದ್ದು ಹೀಗಿದೆ. ಕಟ್ಟಿಗೆ ಒಲೆಯನ್ನು ಗೋಡೆಗೆ ತಾಗಿಸಿ ಹೂಡಬೇಡಿ, ಮಸಿ ಸುಣ್ಣ ಹೊಡೆದರೂ ಹೋಗದು. ಬೂದಿ ಪೂರ್ತಿ ಆರಿದ ಮೇಲಷ್ಟೇ ಎತ್ತಿ. ಕಸದ ಡಬ್ಬಿಯಲ್ಲಿ ಕೆಂಡ ಬಿದ್ದರೆ ಪ್ಲಾಸ್ಟಿಕ್ ಹೊತ್ತಿಕೊಳ್ಳುತ್ತದೆ. ಕರಿದ ಎಣ್ಣೆಯನ್ನು ಬಚ್ಚಲಿಗೆ ಸುರಿಯಬೇಡಿ. ತಣ್ಣಗಾದ ಮೇಲೆ ಗಟ್ಟಿಯಾಗಿ ಪೈಪು ಕಟ್ಟುತ್ತದೆ. ಡಬ್ಬಿಯಲ್ಲಿ ತುಂಬಿ ಮನೆಗೆ ಒಯ್ಯಿರಿ. ಅಲ್ಲಿಯ ಭಾಂಡೆ ಬಳಸಿದ್ದರೆ ತೊಳೆದು ಎಣಿಸಿ ಕೊಡಿ.

ಖೋಲಿಯಲ್ಲಿ ಬೇಡವೆಂದರೆ ಬಯಲಲ್ಲಿ ಮಾಡುತ್ತೇವೆ ಎನ್ನುವವರು ಊರ ನಿಯಮ ಕೇಳಿಕೊಳ್ಳಬೇಕು. ಗೋವಾ ಸರಕಾರ 2019ರಲ್ಲಿ ತನ್ನ ಪ್ರವಾಸಿ ತಾಣಗಳ ಕಾಯ್ದೆಗೆ ತಿದ್ದುಪಡಿ ತಂದು, ಬಯಲಲ್ಲಿ ಅಡುಗೆ ಮಾಡುವವರಿಗೆ ಒಬ್ಬರಾದರೆ 2,000, ಗುಂಪಾದರೆ 10,000 ರೂಪಾಯಿ ದಂಡ ಇಟ್ಟಿತು.

ನೀರು ಸುರಿಯಬೇಡಿ, ಗುಡಿಸಿ

ಸ್ವಚ್ಛತೆ ಎಂದರೆ ನೀರು ಸುರಿಯುವುದು ಎಂಬ ತಿಳಿವಳಿಕೆ ನಮ್ಮಲ್ಲಿದೆ. ಜತ್ತ ತಾಲೂಕಿನಲ್ಲಿ ಇದು ಸಲ್ಲದು. ಇಲ್ಲಿಯ ಪೂರ್ವ ಭಾಗದ ಹಳ್ಳಿಗಳು ಬೇಸಿಗೆಯಲ್ಲಿ ಟ್ಯಾಂಕರ್ ದಾರಿ ಕಾಯ್ದದ್ದು ಎಲ್ಲರಿಗೂ ಗೊತ್ತು. ನೀರು ಕೊಡದಿದ್ದರೆ ಕರ್ನಾಟಕಕ್ಕೆ ಸೇರುತ್ತೇವೆ ಎಂಬ ಮಾತು ಇಲ್ಲಿಂದ ಎದ್ದು, 2022ರ ನವೆಂಬರ್-ಡಿಸೆಂಬರ್‌ನಲ್ಲಿ ಎರಡೂ ರಾಜ್ಯಗಳಲ್ಲಿ ಸುದ್ದಿಯಾಗಿತ್ತು.

ನೂರು ಖೋಲಿಯವರು ತಲಾ ನಾಲ್ಕು ಬಕೆಟ್ ಸುರಿದರೆ 400 ಬಕೆಟ್ ಆಯಿತು. ಬಕೆಟ್‌ಗೆ 15 ಲೀಟರ್ ಎಂದರೆ 6,000 ಲೀಟರ್, ಅಂದರೆ ಒಂದು ಸಣ್ಣ ಟ್ಯಾಂಕರ್. ಇದರ ಬದಲು ಒಣ ಕಸಬರಿಗೆಯಿಂದ ಗುಡಿಸಿ, ಚೆಲ್ಲಿದ ಜಾಗವನ್ನಷ್ಟೇ ಹಸಿ ಬಟ್ಟೆಯಿಂದ ಒರೆಸಿದರೆ ಸಾಕು. ಒದ್ದೆ ನೆಲದ ಮೇಲೆ ಮುಂದಿನವರು ಹಾಸಿಗೆ ಬಿಚ್ಚುವಂತೆಯೂ ಇಲ್ಲ.

ಬಿಟ್ಟ ಕಸ ಎತ್ತುವವರು ಯಾರು?

ಈ ಪ್ರಶ್ನೆಯನ್ನು ಬಿಟ್ಟು ಸ್ವಚ್ಛತೆಯ ಮಾತು ಪೂರ್ತಿ ಆಗದು. ನಾವು ಬಿಟ್ಟ ಹೊಲಸನ್ನು ಕೈಯಿಂದ ಎತ್ತುವ ಕೆಲಸ ನಮ್ಮ ಸಮಾಜದಲ್ಲಿ ಕೆಲವೇ ಜಾತಿಗಳ ಮೇಲೆ ಬಿದ್ದುಬಂದಿದೆ. "ಅದಕ್ಕೆ ಮಂದಿ ಇದ್ದಾರೆ" ಎಂಬ ಮಾತಿನ ಹಿಂದೆ ಇರುವುದು ಇದೇ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯು, ರಕ್ಷಣಾ ಸಾಧನವಿಲ್ಲದೆ ಗಟಾರ, ಸೆಪ್ಟಿಕ್ ಟ್ಯಾಂಕ್ ಸ್ವಚ್ಛ ಮಾಡಿಸುವುದನ್ನೂ ಅಪರಾಧವೆಂದಿದೆ. ಡೈಪರ್, ಪ್ಯಾಡ್ ಸಂಡಾಸಿನಲ್ಲಿ ಹಾಕಿದಾಗ ಕಟ್ಟಿಕೊಂಡ ಪೈಪನ್ನು ಬಿಡಿಸಲು ಮನುಷ್ಯನೇ ಕೈ ಹಾಕುವಂತಾಗುತ್ತದೆ ಎಂಬುದು ನೆನಪಿರಲಿ.

ಇದಕ್ಕೆ ಉತ್ತರ ಕೊಟ್ಟವರು ನಮ್ಮ ಎರಡೂ ಭಾಷೆಗಳಲ್ಲಿ ಇದ್ದಾರೆ. 12ನೇ ಶತಮಾನದ ಶರಣೆ ಸತ್ಯಕ್ಕನ ಕಾಯಕ ಶಿವಭಕ್ತರ ಅಂಗಳ ಗುಡಿಸುವುದು. ದಾನಮ್ಮನೂ ಅದೇ ಶರಣ ಪರಂಪರೆಯವಳು. ಮರಾಠಿಯಲ್ಲಿ ಸಂತ ಗಾಡಗೆ ಬಾಬಾ (1876-1956) ಊರಿಗೆ ಬಂದೊಡನೆ ಮೊದಲು ಕಸಬರಿಗೆ ಹಿಡಿದು ಬೀದಿ ಗುಡಿಸಿ, ಆಮೇಲೆ ಕೀರ್ತನೆ ಮಾಡುತ್ತಿದ್ದರು. ಜನ ಕೊಟ್ಟ ಹಣದಿಂದ ಪಂಢರಪುರ, ನಾಸಿಕ, ಆಳಂದಿಗಳಲ್ಲಿ ಧರ್ಮಶಾಲೆ ಕಟ್ಟಿಸಿದರು. ಅಸ್ಪೃಶ್ಯರಿಗೆ ತಂಗಲು ಜಾಗ ಸಿಗದಿದ್ದ ಪಂಢರಪುರದಲ್ಲಿ, ನಮ್ಮ ಪಕ್ಕದ ಮಂಗಳವೇಢೆಯ ಸಂತ ಚೋಖಾಮೇಳನ ಹೆಸರಲ್ಲಿ ಧರ್ಮಶಾಲೆ ಎದ್ದಿತು. 1949ರಲ್ಲಿ ಅದನ್ನು ಬಾಬಾ ಡಾ. ಅಂಬೇಡ್ಕರರ ಶಿಕ್ಷಣ ಸಂಸ್ಥೆಗೆ ಒಪ್ಪಿಸಿದರು. ಮಹಾರಾಷ್ಟ್ರ ಸರಕಾರ 2000ರಲ್ಲಿ ಶುರು ಮಾಡಿದ ಗ್ರಾಮ ಸ್ವಚ್ಛತಾ ಅಭಿಯಾನಕ್ಕೆ ಅವರದೇ ಹೆಸರು. ಆಗ ಗ್ರಾಮ ವಿಕಾಸ ಮಂತ್ರಿ ಆಗಿದ್ದವರು ನಮ್ಮ ಸಾಂಗಲಿ ಜಿಲ್ಲೆಯ ತಾಸಗಾಂವದ ಆರ್.ಆರ್. ಪಾಟೀಲರು. ಬಹುಮಾನಕ್ಕಾಗಿ ಊರು ಗುಡಿಸಿದವರು ಯಾತ್ರೆಗೆ ಹೋದಾಗ ಕಸಬರಿಗೆ ಮರೆಯಬಾರದು.

ಅನಾಮತ್ ಹಣ, ಸ್ವಚ್ಛತಾ ಶುಲ್ಕ

ತಿರುಮಲೆ ಸೇರಿ ಹಲವು ಕಡೆ ಖೋಲಿ ಕೊಡುವಾಗ ಅನಾಮತ್ ಹಣ ಇಡಿಸಿಕೊಂಡು, ಬಿಟ್ಟ ಮೇಲೆ ಮರಳಿ ಕೊಡುತ್ತಾರೆ. ಖಾಸಗಿ ಬಾಡಿಗೆ ಮನೆಯಲ್ಲಿ ಇದರ ಬಗ್ಗೆ ತಕರಾರು ಹೆಚ್ಚು. ಹೀಗೆ ಮಾಡಿ:

* ಕೀಲಿ ಪಡೆಯುವಾಗಲೇ ಕೇಳಿ: ಸ್ವಚ್ಛತೆ ಬಾಡಿಗೆಯಲ್ಲಿ ಸೇರಿದೆಯೇ? ಅಡುಗೆಗೆ ಬೇರೆ ಹಣವೇ? ಕಸ ಎಲ್ಲಿ ಹಾಕಬೇಕು?
* ಒಳಗೆ ಹೋದೊಡನೆ ಮೊಬೈಲಿನಲ್ಲಿ ನಾಲ್ಕು ಗೋಡೆ, ಬಚ್ಚಲು, ಹಾಸಿಗೆಯ ಫೋಟೋ ತೆಗೆಯಿರಿ. ಬಿಡುವಾಗ ಮತ್ತೊಮ್ಮೆ ತೆಗೆಯಿರಿ.
* ಕೊಟ್ಟ ಹಣಕ್ಕೆ ಪಾವತಿ ಪಡೆಯಿರಿ. ಬಾಯಿಮಾತು ಬೇಡ.
* ಶುಲ್ಕ ಕೊಟ್ಟ ಮೇಲೂ ಕೆಲಸದ ಉದ್ದ ಪಟ್ಟಿ ಹೇಳಿದರೆ, ಎರಡರಲ್ಲಿ ಒಂದು ಎಂದು ಗೌರವದಿಂದಲೇ ಹೇಳಿ. ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಕಾಯ್ದೆಯ ಎರಡು ಮಾತು

2016ರ ಘನತ್ಯಾಜ್ಯ ನಿಯಮಗಳು ಕಸ ಬೇರ್ಪಡಿಸುವ ಹೊಣೆಯನ್ನು ಕಸ ಮಾಡಿದವರ ಮೇಲೇ ಹಾಕಿದವು. ಡೈಪರ್, ಪ್ಯಾಡ್ ಸುತ್ತಿ ಕೊಡಬೇಕು ಎಂಬುದೂ ಅದರಲ್ಲೇ ಬಂತು. ಮಹಾರಾಷ್ಟ್ರ 2018ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಚೀಲ, ಥರ್ಮಾಕೋಲ್ ತಟ್ಟೆ-ಲೋಟ ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ ದೇಶದಲ್ಲೆಲ್ಲ ನಿಷಿದ್ಧ. ಮನೆಯಿಂದಲೇ ಸ್ಟೀಲ್ ತಾಟು, ಗ್ಲಾಸು ಒಯ್ದರೆ ಕಸವೇ ಅರ್ಧವಾಗುತ್ತದೆ.

ಮರಾಠಿ ಫಲಕದ ಮಾತು ಹೀಗಿರುತ್ತದೆ

ಕರ್ನಾಟಕದಿಂದ ಬರುವ ನೆಂಟರಿಗೆ ಫಲಕ ಓದಲು ಬರದೆ ತೊಂದರೆಯಾಗುವುದುಂಟು. ಅವರಿಗೆ ತಿಳಿಸಿ ಹೇಳಿ:

ಓಲಾ ಕಚರಾ – ಹಸಿ ಕಸ
ಸುಕಾ ಕಚರಾ – ಒಣ ಕಸ
ಕಚರಾಕುಂಡಿ – ಕಸದ ತೊಟ್ಟಿ
ಖರಕಟೀ ಭಾಂಡೀ – ಮುಸುರೆ ಪಾತ್ರೆ
ಅನಾಮತ್ ರಕ್ಕಮ್ – ಮರಳಿ ಕೊಡುವ ಠೇವಣಿ
ನಳ ಬಂದ ಕರಾ – ನಲ್ಲಿ ಬಂದ್ ಮಾಡಿರಿ
ಖೋಲಿ ಸ್ವಚ್ಛ ಕರೂನ ದ್ಯಾವೀ – ಖೋಲಿ ಸ್ವಚ್ಛ ಮಾಡಿ ಒಪ್ಪಿಸಬೇಕು

ಈ ಕೊನೆಯ ಸಾಲು ಇದ್ದ ಕಡೆ ಗುಡಿಸಿ, ಕಸ ತೆಗೆದು ಕೊಟ್ಟರೆ ಆಯಿತು. ತೊಳೆದು ಕೊಡಬೇಕೆಂದು ಅರ್ಥವಲ್ಲ. ಸಂದೇಹವಿದ್ದರೆ ಕೀಲಿ ಕೊಡುವವರನ್ನೇ ಕೇಳಿ.

ಜಾತ್ರೆಗೆ ಹೊರಡುವಾಗ ಗಂಟಿನಲ್ಲಿ ಒಂದು ಸಣ್ಣ ಕಸಬರಿಗೆ, ಎರಡು ಹಳೇ ಚೀಲ, ಒಂದು ಒರೆಸುವ ಬಟ್ಟೆ ಇಟ್ಟುಕೊಳ್ಳಿ. ಬಾಗಿಲಲ್ಲಿ ಕಾಯುತ್ತಿರುವ ತಂಡದಲ್ಲಿ ನಡೆದು ದಣಿದ ಮುದುಕರು, ಕೂಸು ಎತ್ತಿಕೊಂಡ ತಾಯಂದಿರು ಇರುತ್ತಾರೆ. ಅವರು ಬಂದ ಕೂಡಲೇ ಕೂಡಲು ಜಾಗ ಸಿಗುವಂತೆ ಖೋಲಿ ಬಿಟ್ಟರೆ ಸಾಕು.