ಪೀಣ್ಯದ ಗೋದಾಮಿನ ಜೇಡ: ಟರಾಂಟುಲಾ ಎಷ್ಟು ಸಾಮಾನ್ಯ?

ಅಮೆರಿಕದ ಹಳ್ಳಿಗಾಡಿನಲ್ಲಿ ಕಾಲಿಟ್ಟಲ್ಲೆಲ್ಲ ಟರಾಂಟುಲಾ ಸಿಗುತ್ತದೆಂಬ ನಂಬಿಕೆ ಸಿನಿಮಾಗಳ ಮೂಲಕ ನಮ್ಮವರೆಗೂ ಬಂದಿದೆ. ಹ್ಯಾಮಿಲ್ಟನ್, ಹೆಂಡ್ರಿಕ್ಸನ್ ಮತ್ತು ಬಾಂಡ್ 2016ರಲ್ಲಿ ನಡೆಸಿದ ಪರಿಷ್ಕರಣೆಯಂತೆ ಆ ದೇಶದಲ್ಲಿರುವ ಅಫೊನೊಪೆಲ್ಮಾ ಎಂಬ ಟರಾಂಟುಲಾ ಕುಲದ ಪ್ರಭೇದಗಳು 29. ಅವುಗಳ ನೆಲೆ ಬಹುಪಾಲು ನೈಋತ್ಯದ ಒಣ ರಾಜ್ಯಗಳು. ಅಲ್ಲಿಯೂ ರಸ್ತೆ ದಾಟುತ್ತ ಜನರ ಕಣ್ಣಿಗೆ ಬೀಳುವುದು ಹೆಣ್ಣನ್ನು ಅರಸಿ ಹೊರಟ ಗಂಡುಗಳೇ. ಎರಡು ದಶಕ ಬದುಕಬಲ್ಲ ಹೆಣ್ಣು ಬಿಲ ಬಿಟ್ಟು ದೂರ ಹೋಗುವುದಿಲ್ಲ.

ಪೀಣ್ಯದಲ್ಲಿ ತಪ್ಪು ಬೇರೆ ಬಗೆಯದು. ಕೈಗಾರಿಕಾ ಪ್ರದೇಶದ ಗೋದಾಮುಗಳಲ್ಲಿ, ಮರದ ಪೆಟ್ಟಿಗೆಗಳ ಸಂದಿಯಲ್ಲಿ, ಶೌಚಾಲಯದ ಗೋಡೆಯ ಮೇಲೆ ಅಂಗೈ ಅಗಲದ ಕಂದು ಜೇಡ ಕಂಡರೆ ಫೋನು ಹಿಡಿದವರು ಕೊಡುವ ಹೆಸರು ಟರಾಂಟುಲಾ. ಅದು ಸಾಮಾನ್ಯವಾಗಿ ಹೆಟೆರೊಪೋಡಾ ವೆನೆಟೋರಿಯಾ. ಲಿನೇಯಸ್ 1767ರಲ್ಲೇ ಹೆಸರಿಟ್ಟ, ಸರಕಿನ ಜೊತೆ ಉಷ್ಣವಲಯದ ಊರೂರಿಗೂ ಹರಡಿದ ಜೇಡ. ಏಡಿಯಂತೆ ಕಾಲು ಚಾಚಿ ಗೋಡೆಗೆ ಅಂಟಿಕೊಂಡಿರುತ್ತದೆ, ಬಲೆ ಹೆಣೆಯದೆ ಜಿರಲೆ ಬೇಟೆಯಾಡುತ್ತದೆ. ಹೆಣ್ಣು ಬಿಲ್ಲೆಯಂಥ ಮೊಟ್ಟೆಚೀಲವನ್ನು ಹೊಟ್ಟೆಯಡಿ ಹೊತ್ತು ತಿರುಗುತ್ತದೆ. ಇದರ ಕೋರೆಗಳು ಇಕ್ಕಳದಂತೆ ಎದುರುಬದುರು ಕೂಡುತ್ತವೆ. ಟರಾಂಟುಲಾದ ಕೋರೆಗಳು ಒಂದಕ್ಕೊಂದು ಸಮಾನಾಂತರವಾಗಿ ಕೆಳಗಿಳಿಯುತ್ತವೆ. ಗುರುತಿಗೆ ಇದಕ್ಕಿಂತ ಗಟ್ಟಿ ಲಕ್ಷಣ ಬೇಕಿಲ್ಲ. ಗಾತ್ರ ನೋಡಿ ಹೆಸರಿಡುವ ಅಭ್ಯಾಸವಂತೂ ಬಿಡಬೇಕು.

ಹಾಗೆಂದು ಕರ್ನಾಟಕದಲ್ಲಿ ಟರಾಂಟುಲಾ ಇಲ್ಲವೆಂದಲ್ಲ. ಪೋಕಾಕ್ 1895ರಲ್ಲಿ ವಿವರಿಸಿದ ಪೊಸಿಲೊಥೀರಿಯಾ ಸ್ಟ್ರಯೇಟಾ, ಸಾಕುವವರ ಬಾಯಲ್ಲಿ ಮೈಸೂರಿನ ಹೆಸರಿನದು, ಮರದ ಪೊಟರೆಯಲ್ಲಿ ಹಗಲು ಕಳೆಯುತ್ತದೆ. ಪಶ್ಚಿಮಘಟ್ಟದ ಥ್ರಿಗ್ಮೊಪೀಯಸ್ ಜೇಡಗಳಿಗೆ ಮಣ್ಣಿನ ದರೆಯಲ್ಲಿ ಬಿಲ. ಒಂದಕ್ಕೆ ಹಳೆಯ ಮರ, ಇನ್ನೊಂದಕ್ಕೆ ಅಗೆಯದ ನೆಲ. ಕಾಂಕ್ರೀಟು ಹಾಸಿದ ಪೀಣ್ಯದಲ್ಲಿ ಎರಡೂ ವಿರಳ.

ಸಿಕ್ಕ ಜಾಗವನ್ನೇ ನೆಲೆಯೆಂದು ಬಗೆಯುವುದರಲ್ಲಿ ತಜ್ಞರೂ ಹಿಂದೆ ಬಿದ್ದವರಲ್ಲ. ನಮ್ಮ ಬಳ್ಳಾರಿಗೆ ನೆರೆಯಾದ ಅನಂತಪುರ ಜಿಲ್ಲೆಯ ಗುತ್ತಿಯಲ್ಲಿ, ರೈಲ್ವೆಯ ಸೌದೆ ಅಂಗಳದಲ್ಲಿ, ನೀಲಿ ಮಿಂಚಿನ ಜೇಡವೊಂದು ಸಿಕ್ಕಿತು. ಪೋಕಾಕ್ 1899ರಲ್ಲಿ ಅದಕ್ಕೆ ಪೊಸಿಲೊಥೀರಿಯಾ ಮೆಟಾಲಿಕಾ ಎಂದು ಹೆಸರಿಟ್ಟರು. ಆಮೇಲೆ ನೂರು ವರ್ಷ ಅದರ ಸುಳಿವಿಲ್ಲ. 2001ರಲ್ಲಿ ಮತ್ತೆ ಕಂಡದ್ದು ಅಲ್ಲಿಂದ ಪೂರ್ವಕ್ಕೆ ನೂರು ಕಿಲೋಮೀಟರಿಗೂ ದೂರದ, ನಂದ್ಯಾಲ–ಗಿದ್ದಲೂರು ನಡುವಿನ ಕಾಡಿನಲ್ಲಿ. ಎಂಜಿನ್ನಿನ ಸೌದೆಯ ಜೊತೆ ಬಂಡಿಯೇರಿ ಗುತ್ತಿಗೆ ಬಂದಿರಬೇಕೆಂಬುದು ಒಪ್ಪಬಹುದಾದ ಊಹೆ. ಜಗತ್ತಿನ ಸಾಕುಪ್ರಾಣಿ ಮಾರುಕಟ್ಟೆಯಲ್ಲಿ ಇಂದಿಗೂ ಅದಕ್ಕೆ ಗುತ್ತಿಯದೇ ಹೆಸರು. ಆ ಮಾರಾಟದ ಕಾಟಕ್ಕೇ ಇಡೀ ಪೊಸಿಲೊಥೀರಿಯಾ ಕುಲವನ್ನು 2019ರಲ್ಲಿ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿಸಬೇಕಾಯಿತು.

ತುಮಕೂರು ರಸ್ತೆಯಲ್ಲಿ ಲಾರಿಗಟ್ಟಲೆ ಮರದ ಪೆಟ್ಟಿಗೆ ಇಳಿಯುವ ಪೀಣ್ಯ, ಈ ದೃಷ್ಟಿಯಲ್ಲಿ, ಇನ್ನೊಂದು ಗುತ್ತಿ. ನಾಳೆ ಇಲ್ಲಿ ನಿಜವಾದ ಟರಾಂಟುಲಾವೇ ಸಿಕ್ಕಿದರೂ ಅದನ್ನು ಪೀಣ್ಯದ್ದೆಂದು ಬರೆಯಲಾಗದು. ಮಾದರಿ ಸಂಗ್ರಹಿಸುವವರು ಚೀಟಿಯಲ್ಲಿ ಸಿಕ್ಕ ಜಾಗ, ದಿನಾಂಕಗಳ ಜೊತೆಗೆ ಆ ಸರಕು ಯಾವ ಊರಿನಿಂದ ಬಂತೆಂಬುದನ್ನೂ ದಯವಿಟ್ಟು ಬರೆದಿಡಬೇಕು.