ಅಂಧತ್ವ ಮತ್ತು ಶ್ರವಣದ ದೇಶಪ್ರಜ್ಞೆ

ಶಬ್ದವೊಂದರ ದಿಕ್ಕು, ದೂರ, ಎತ್ತರಗಳನ್ನೂ ಸುತ್ತಲಿನ ವಸ್ತುಗಳ ಪರಸ್ಪರ ಸ್ಥಾನವನ್ನೂ ಕಿವಿಯಿಂದ ಗ್ರಹಿಸುವ ಶಕ್ತಿಯು ದೃಷ್ಟಿನಾಶದಿಂದ ಹೊಂದುವ ಪರಿಣಾಮವೇ ಈ ಲೇಖನದ ವಿಷಯ. ಒಂದು ಇಂದ್ರಿಯ ಕುಂದಿದರೆ ಮಿಕ್ಕವು ತಾವಾಗಿಯೇ ತೀಕ್ಷ್ಣವಾಗುವುವೆಂಬ ಲೋಕದ ನಂಬಿಕೆ ಅರ್ಧಸತ್ಯ. ಅಂಧತ್ವವು ಈ ಶಕ್ತಿಯ ಕೆಲವು ಅಂಶಗಳನ್ನು ಹರಿತಗೊಳಿಸಿ, ಕೆಲವನ್ನು ಮಂಕಾಗಿಸುತ್ತದೆ.

ಎರಡು ಕಿವಿಗಳಿಗೂ ಶಬ್ದ ಏಕಕಾಲದಲ್ಲಿ ತಲಪುವುದಿಲ್ಲ. ಸೆಕೆಂಡಿನ ಸಾವಿರದ ಒಂದಂಶವನ್ನೂ ಮೀರದ ಈ ಅಂತರದಿಂದಲೂ, ತಲೆಯ ಮರೆಯಲ್ಲಿರುವ ಕಿವಿಗೆ ಶಬ್ದ ಕ್ಷೀಣವಾಗಿ ಬರುವುದರಿಂದಲೂ ಎಡಬಲಗಳ ನಿರ್ಣಯವಾಗುತ್ತದೆ. ಎತ್ತರದ ನಿರ್ಣಯಕ್ಕಾದರೋ ಹೊರಕಿವಿಯ ಮಡಿಕೆಗಳು ಸ್ವರಕ್ಕೆ ಕೊಡುವ ಸೂಕ್ಷ್ಮ ವಿಕಾರವೇ ಆಧಾರ. ಹುಟ್ಟುಕುರುಡರಲ್ಲಿ ಮೊದಲನೆಯ ಶಕ್ತಿ ಉಳಿಯುವುದಷ್ಟೇ ಅಲ್ಲ, ಪಕ್ಕದ ಅಂಚುಗಳಿಂದ ಬರುವ ಶಬ್ದಗಳ ವಿಷಯದಲ್ಲಿ ಕಣ್ಣುಳ್ಳವರನ್ನು ಮೀರುವುದೂ ಉಂಟು. ಗದ್ದಲದ ನಡುವೆ ಎತ್ತರವನ್ನು ಗುರುತಿಸುವುದರಲ್ಲಿ ಮಾತ್ರ ಅವರು ಹಿಂದೆ ಬೀಳುತ್ತಾರೆ. ಮೂರು ಶಬ್ದಗಳನ್ನು ಒಂದಾದಮೇಲೊಂದು ಕೇಳಿಸಿ, ನಡುವಣದು ಮೊದಲಿನದಕ್ಕೆ ಸಮೀಪವೋ ಕಡೆಯದಕ್ಕೋ ಎಂದು ಕೇಳಿದಾಗಲೂ ಅವರಲ್ಲಿ ಅನೇಕರು ತೊಡಕಿಗೆ ಸಿಲುಕುವರೆಂದು 2014ರಲ್ಲಿ ಇಟಲಿಯ ಸಂಶೋಧಕರು ಪ್ರಕಟಿಸಿದರು. ಶೈಶವದಲ್ಲಿ ಕಿವಿಗೆ ದೇಶದ ಅಳತೆಯನ್ನು ಕಲಿಸುವ ಗುರು ಕಣ್ಣೇ ಎಂಬ ಊಹೆಗೆ ಇದು ಬಲ ಕೊಡುತ್ತದೆ. ದೂರದ ವಿಷಯದಲ್ಲಿಯೂ ಹೀಗೆಯೇ: ಎರಡು ದೂರಗಳ ತಾರತಮ್ಯವನ್ನು ಅಂಧರು ಚೆನ್ನಾಗಿ ಅರಿಯಬಲ್ಲರಾದರೂ, ಇಷ್ಟು ಮೀಟರೆಂದು ನಿರ್ಧರಿಸುವಲ್ಲಿ ಹತ್ತಿರದ್ದನ್ನು ದೂರವೆಂದೂ ದೂರದ್ದನ್ನು ಹತ್ತಿರವೆಂದೂ ಎಣಿಸುವ ಪ್ರವೃತ್ತಿ ಕಂಡುಬಂದಿದೆ.

ಕರ್ನಾಟಕದಲ್ಲಿ ಈ ಶಕ್ತಿಯ ಉಜ್ಜ್ವಲವಾದ ನಿದರ್ಶನ ಅಂಧರ ಕ್ರಿಕೆಟ್. 2012ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಜರುಗಿದ ಅಂಧರ ಪ್ರಥಮ ಟ್ವೆಂಟಿ-20 ವಿಶ್ವಕಪ್ಪಿನಲ್ಲಿ, ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯಕರ ಮುಂದಾಳುತನದ ಭಾರತ ತಂಡ ಪಾಕಿಸ್ತಾನವನ್ನು ಸೋಲಿಸಿತು. ಇಲ್ಲಿನ ಚೆಂಡು ಒಳಗೆ ಬೇರಿಂಗ್ ಗುಂಡುಗಳನ್ನಿಟ್ಟ ಪ್ಲಾಸ್ಟಿಕ್ಕಿನದು. ಬೌಲರನು ‘ರೆಡಿ’ ಎಂದು ಕೇಳಿ, ಉತ್ತರ ಬಂದ ಬಳಿಕ ‘ಪ್ಲೇ’ ಎಂದು ಕೂಗಿ, ಕೈಯನ್ನು ಕೆಳಗಿನಿಂದ ಬೀಸಿ ಚೆಂಡನ್ನು ನೆಲದ ಮೇಲೆ ಬಿಡುತ್ತಾನೆ; ಬ್ಯಾಟುಗಾರನು ಬಾಗಿ, ಗಲಗಲ ಸದ್ದಿನ ಜಾಡು ಹಿಡಿದು, ಹೆಚ್ಚಾಗಿ ಸ್ವೀಪ್ ಹೊಡೆತದಿಂದ ಅದನ್ನು ಎದುರಿಸುತ್ತಾನೆ. ನೆಲಕ್ಕಂಟಿ ಬರುವ ಚೆಂಡಿಗೆ ಎತ್ತರದ ಪ್ರಶ್ನೆಯೇ ಏಳದೆ, ಅಂಧರಲ್ಲಿ ಸುಭದ್ರವಾಗಿರುವ ಎಡಬಲಗಳ ಜ್ಞಾನಕ್ಕೇ ಆಟವೆಲ್ಲ ಒಪ್ಪಿತವಾಗಿರುವುದು ಗಮನಾರ್ಹ. ಪೂರ್ಣಾಂಧನು ಒಂದು ಪುಟಿತದ ಮೇಲೆ ಹಿಡಿದ ಚೆಂಡನ್ನೂ ಕ್ಯಾಚೆಂದು ಮನ್ನಿಸುವುದು, ಅವನ ಓಟಗಳನ್ನು ಇಮ್ಮಡಿಯಾಗಿ ಎಣಿಸುವುದು ಕರುಣೆಯಿಂದಲ್ಲ, ನ್ಯಾಯದಿಂದ ಎಂದೇ ಹೇಳಬೇಕು. ಗಾಳಿಯಲ್ಲಿ ಬಹುಮಟ್ಟಿಗೆ ಮೂಕವಾಗುವ ಚೆಂಡು ನೆಲಕ್ಕೆ ಬಡಿದಾಗಲೇ ತನ್ನ ನೆಲೆಯನ್ನು ಸಾರುತ್ತದೆ.

ಸದ್ದು ಮಾಡದ ವಸ್ತುಗಳನ್ನು ಅರಿಯಲು ಪ್ರತಿಧ್ವನಿಯೇ ದಾರಿ. ಗೋಡೆಯೊಂದು ಮುಂದಿರುವುದನ್ನು ಮುಖದ ಚರ್ಮವೇ ತಿಳಿಸುವುದೆಂದು ಅಂಧರಲ್ಲಿ ಅನೇಕರು ನಂಬಿದ್ದರು. 1944ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಸೂಪ, ಕಾಟ್ಜಿನ್, ಡಾಲೆನ್‌ಬಾಕ್ ಎಂಬವರು ಮುಖವನ್ನು ಮುಚ್ಚಿಸಿ ನೋಡಿದಾಗ ಆ ಅರಿವು ಉಳಿಯಿತು. ಕಿವಿಗಳನ್ನು ಮುಚ್ಚಿಸಿದಾಗ ಅಳಿಯಿತು. ಎರಡು ಮೀಟರು ದೂರದ ಗೋಡೆಯಿಂದ ಧ್ವನಿ ಮರಳಲು ಸೆಕೆಂಡಿನ ನೂರರಲ್ಲೊಂದಂಶಕ್ಕಿಂತ ತುಸು ಹೆಚ್ಚು ಕಾಲ ಸಾಕಾಗುವುದರಿಂದ, ಅದು ಬೇರೆಯ ಸದ್ದಾಗಿ ಕೇಳಿಸದೆ ಮೂಲಧ್ವನಿಯ ಬಣ್ಣವನ್ನಷ್ಟೇ ಬದಲಿಸುತ್ತದೆ. ನಾಲಗೆಯಿಂದ ಲೊಚಗುಟ್ಟಿ ದಾರಿ ನೋಡುವ ನಿಪುಣರು ಇಂಥ ಪ್ರತಿಧ್ವನಿಗಳನ್ನು ಕೇಳುವಾಗ ಮಿದುಳಿನ ದೃಷ್ಟಿಕೇಂದ್ರವೇ ಕಾರ್ಯನಿರತವಾಗುವುದೆಂದು 2011ರಲ್ಲಿ ಕೆನಡಾದ ಪರೀಕ್ಷೆಗಳು ತೋರಿಸಿದವು. ಈ ವಿದ್ಯೆ ಅಭ್ಯಾಸಸಾಧ್ಯ: ಹತ್ತು ವಾರಗಳ ಶಿಕ್ಷಣದಿಂದ ಅಂಧರೂ ಕಣ್ಣುಳ್ಳವರೂ, ತರುಣರೂ ವೃದ್ಧರೂ, ಇದರಲ್ಲಿ ಮುನ್ನಡೆದಿರುವುದು 2021ರ ಅಧ್ಯಯನದಿಂದ ತಿಳಿದಿದೆ. ಆದುದರಿಂದ ಅಂಧಶಾಲೆಗಳಲ್ಲಿ ಬ್ರೈಲ್ ಲಿಪಿಗೂ ಬಿಳಿಯ ಕೋಲಿಗೂ ಇರುವ ಸ್ಥಾನ ಈ ಶ್ರವಣಶಿಕ್ಷಣಕ್ಕೂ ಸಲ್ಲತಕ್ಕದ್ದು.