ಉದ್ಯೋಗದಾತರು ನಿರೀಕ್ಷಿಸುವ ಬರವಣಿಗೆ ಕೌಶಲ

ಉದ್ಯೋಗದಾತರು ನಿರೀಕ್ಷಿಸುವ ಬರವಣಿಗೆ ಕೌಶಲ ಎಂದರೆ ಪದವಿ ಮುಗಿಸಿ ಕೆಲಸಕ್ಕೆ ಸೇರುವವರಲ್ಲಿ ಇರಬೇಕೆಂದು ಸಂಸ್ಥೆಗಳು ಬಯಸುವ, ಪತ್ರ, ಇ-ಮೇಲ್, ವರದಿ, ಟಿಪ್ಪಣಿ, ಸಭೆಯ ನಡಾವಳಿ ಮುಂತಾದವನ್ನು ಸ್ಪಷ್ಟವಾಗಿ ಸಿದ್ಧಪಡಿಸುವ ಸಾಮರ್ಥ್ಯ. ಇಲ್ಲಿ ಬರಹದ ಯೋಗ್ಯತೆಯನ್ನು ಅಳೆಯುವುದು ಶೈಲಿಯ ಸೊಗಸಿನಿಂದಲ್ಲ. ಓದಿದವರು ಮತ್ತೆ ವಿಚಾರಿಸದೆ ತೀರ್ಮಾನ ಕೈಗೊಳ್ಳಲು ಅಥವಾ ಕೆಲಸ ಮುಂದುವರಿಸಲು ಅದರಿಂದ ಸಾಧ್ಯವಾಯಿತೇ ಎಂಬುದೇ ಮುಖ್ಯ. ವ್ಯಾಕರಣ ಮತ್ತು ಕಾಗುಣಿತದ ಶುದ್ಧಿ ಇದರ ಒಂದು ಭಾಗ ಮಾತ್ರ.

ಹಿನ್ನೆಲೆ

ಈ ವಿಷಯದ ಕುರಿತು ಅಮೆರಿಕದಲ್ಲಿ ವ್ಯಾಪಕ ಚರ್ಚೆ ನಡೆದಿದೆ. ಅಲ್ಲಿನ ಕಾಲೇಜ್ ಬೋರ್ಡ್ ಸಂಸ್ಥೆಯು 2002ರಲ್ಲಿ ಬರವಣಿಗೆಗೆ ಸಂಬಂಧಿಸಿದ ರಾಷ್ಟ್ರೀಯ ಆಯೋಗವೊಂದನ್ನು ರಚಿಸಿತು. ಆಯೋಗವು 120 ದೊಡ್ಡ ಕಂಪನಿಗಳನ್ನು ಉದ್ದೇಶಿಸಿ ಸಮೀಕ್ಷೆ ನಡೆಸಿ 2004ರಲ್ಲಿ ವರದಿ ಪ್ರಕಟಿಸಿತು. ವರದಿಯ ಪ್ರಕಾರ, ಉತ್ತರಿಸಿದ ಕಂಪನಿಗಳಲ್ಲಿ ಸುಮಾರು ಅರ್ಧದಷ್ಟು ಸಂಸ್ಥೆಗಳು ವೃತ್ತಿಪರ ಹುದ್ದೆಗಳಿಗೆ ನೇಮಕ ಮಾಡುವಾಗ ಅಭ್ಯರ್ಥಿಯ ಬರವಣಿಗೆಯನ್ನು ಪರಿಗಣಿಸುತ್ತಿದ್ದವು. ದೊಡ್ಡ ಕಂಪನಿಗಳ ಸಂಬಳದಾರ ನೌಕರರಲ್ಲಿ ಮೂರನೇ ಎರಡರಷ್ಟು ಜನರಿಗೆ ಬರೆಯುವ ಹೊಣೆಯೂ ಇತ್ತು. ಬರವಣಿಗೆಯ ಕೊರತೆಯನ್ನು ನೀಗಿಸಲು ಕಂಪನಿಗಳು ವರ್ಷಕ್ಕೆ 310 ಕೋಟಿ ಡಾಲರ್‌ಗಳವರೆಗೆ ವೆಚ್ಚ ಮಾಡುತ್ತಿರಬಹುದೆಂದು ಆಯೋಗ ಅಂದಾಜಿಸಿತ್ತು. ಕಂಪನಿಗಳೇ ಒದಗಿಸಿದ ಉತ್ತರಗಳನ್ನು ಆಧರಿಸಿದ ಈ ಮೊತ್ತವನ್ನು ನಿಖರ ಲೆಕ್ಕವೆಂದು ಭಾವಿಸುವಂತಿಲ್ಲ.

ಕಾಲೇಜಿನ ಬರಹ ಮತ್ತು ಕಚೇರಿಯ ಬರಹ

ಪದವಿಯಲ್ಲಿ ಒಳ್ಳೆಯ ಅಂಕ ಪಡೆದವರೂ ಕಚೇರಿಯಲ್ಲಿ ತಡವರಿಸುವುದಕ್ಕೆ ಮುಖ್ಯ ಕಾರಣ ಓದುಗರ ವ್ಯತ್ಯಾಸ. ಪರೀಕ್ಷೆಯ ಉತ್ತರ ಪತ್ರಿಕೆಯನ್ನು ಓದುವ ಮೌಲ್ಯಮಾಪಕರಿಗೆ ಸರಿಯುತ್ತರ ಮೊದಲೇ ಗೊತ್ತಿರುತ್ತದೆ. ವಿದ್ಯಾರ್ಥಿಗೆ ಎಷ್ಟು ಗೊತ್ತಿದೆ ಎಂಬುದನ್ನಷ್ಟೇ ಅವರು ನೋಡುತ್ತಾರೆ. ಆದ್ದರಿಂದ ಪೀಠಿಕೆ ಹಾಕಿ, ತಿಳಿದಿದ್ದನ್ನೆಲ್ಲ ಬರೆದು, ಪುಟ ತುಂಬಿಸುವುದು ಅಲ್ಲಿ ಲಾಭದಾಯಕ. ಕಚೇರಿಯಲ್ಲಿ ಓದುವವರಿಗೆ ವಿಷಯ ಗೊತ್ತಿರುವುದಿಲ್ಲ, ಸಮಯವೂ ಇರುವುದಿಲ್ಲ. ಹದಿನೈದು ಅಂಕದ ಪ್ರಶ್ನೆಗೆ ಇಷ್ಟು ಪುಟವೆಂಬ ಅಭ್ಯಾಸ ಇಲ್ಲಿ ತಿರುಗುಬಾಣವಾಗುತ್ತದೆ.

ಅಮೆರಿಕದ ವಿದ್ವಾಂಸೆ ಲಿಂಡಾ ಫ್ಲವರ್ 1979ರ ಲೇಖನವೊಂದರಲ್ಲಿ ಇದಕ್ಕೆ ಹತ್ತಿರದ ಭೇದವನ್ನು ಗುರುತಿಸಿದರು. ಬರೆಯುವವರು ತಮಗೆ ಹೊಳೆದ ಕ್ರಮದಲ್ಲೇ ಬರೆದುದು ಲೇಖಕ ಕೇಂದ್ರಿತ ಗದ್ಯ; ಓದುವವರಿಗೆ ಬೇಕಾದ ಕ್ರಮಕ್ಕೆ ತಿರುಗಿಸಿ ಬರೆದುದು ಓದುಗ ಕೇಂದ್ರಿತ ಗದ್ಯ. ಮೊದಲನೆಯದು ತಪ್ಪಲ್ಲ, ಅದು ಕರಡಿನ ಹಂತ. ಅದನ್ನೇ ಅಂತಿಮ ಪ್ರತಿಯೆಂದು ಕಳುಹಿಸುವುದರಿಂದ ತೊಂದರೆಯಾಗುತ್ತದೆ.

ಅಪೇಕ್ಷಿತ ಗುಣಗಳು

ಬಹುಮಟ್ಟಿಗೆ ಎಲ್ಲ ಕ್ಷೇತ್ರಗಳಲ್ಲೂ ಕೇಳಿಬರುವ ನಿರೀಕ್ಷೆ, ಮುಖ್ಯ ಸಂಗತಿ ಮೊದಲು ಬರಬೇಕೆಂಬುದು. ‘ಸರ್ವರ್ ಸಮಸ್ಯೆಯ ಬಗ್ಗೆ ಪರಿಶೀಲನೆ ನಡೆಯುತ್ತಿದೆ, ಆದಷ್ಟು ಬೇಗ ಸರಿಪಡಿಸಲಾಗುವುದು’ ಎಂಬ ಸಂದೇಶದಲ್ಲಿ ವ್ಯಾಕರಣ ದೋಷವಿಲ್ಲ, ಮಾಹಿತಿಯೂ ಇಲ್ಲ. ‘ಬೆಳಿಗ್ಗೆ 10ರಿಂದ ಕಾರ್ಡ್ ಪಾವತಿ ನಿಂತಿದೆ. ಮಧ್ಯಾಹ್ನ 2ಕ್ಕೆ ಸರಿಹೋಗುವ ನಿರೀಕ್ಷೆಯಿದೆ. ಅಲ್ಲಿಯವರೆಗೆ ಶಾಖೆಗಳು ನಗದು ಸ್ವೀಕರಿಸಲು ಒಪ್ಪಿಗೆ ಬೇಕು’ ಎಂದು ಬರೆದರೆ ಏನಾಗಿದೆ, ಯಾವಾಗ ಸರಿಹೋಗಬಹುದು, ಓದುವವರು ಏನು ಮಾಡಬೇಕು ಎಂಬ ಮೂರೂ ತಿಳಿಯುತ್ತವೆ.

ತಂತ್ರಾಂಶ ಕ್ಷೇತ್ರದ ದೋಷ ವರದಿಯೂ ಇದೇ ಶಿಸ್ತನ್ನು ಬೇಡುತ್ತದೆ. ಯಾವ ಹಂತಗಳಲ್ಲಿ ನಡೆದಾಗ ದೋಷ ಕಾಣಿಸಿತು, ಏನಾಗಬೇಕಿತ್ತು, ಏನಾಯಿತು ಎಂಬುದನ್ನು ಬೇರೆಬೇರೆಯಾಗಿ ಬರೆಯಬೇಕು. ‘ಆ್ಯಪ್ ಕೆಲಸ ಮಾಡುತ್ತಿಲ್ಲ’ ಎಂಬ ಒಂದೇ ಸಾಲು ಬಂದರೆ ಅದನ್ನು ಸರಿಪಡಿಸಬೇಕಾದವರು ಮೊದಲು ಪತ್ರ ವ್ಯವಹಾರಕ್ಕೆ ಕೂರಬೇಕಾಗುತ್ತದೆ. ದೀರ್ಘ ದಾಖಲೆಯನ್ನು ಅರ್ಧ ಪುಟಕ್ಕೆ ಇಳಿಸುವುದು, ನಡೆದ ಸಂಗತಿಯನ್ನೂ ಊಹೆಯನ್ನೂ ಬೆರೆಸದಿರುವುದು, ಹಿರಿಯರಿಗೂ ಗ್ರಾಹಕರಿಗೂ ತಕ್ಕ ಧಾಟಿ ಹಿಡಿಯುವುದು ಇತರ ನಿರೀಕ್ಷೆಗಳು.

ತ್ರೀ ಮೈಲ್ ಐಲ್ಯಾಂಡ್ ಪ್ರಕರಣ

ಕಚೇರಿ ಬರವಣಿಗೆಯ ವೈಫಲ್ಯದ ಪರಿಣಾಮವನ್ನು ವಿವರಿಸಲು ಪಠ್ಯಗಳಲ್ಲಿ ಬಳಕೆಯಾಗುವ ನಿದರ್ಶನಗಳಲ್ಲಿ ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣು ಸ್ಥಾವರದ ಅಪಘಾತವೂ ಒಂದು. 1977ರ ಸೆಪ್ಟೆಂಬರ್‌ನಲ್ಲಿ ಒಹಾಯೊ ರಾಜ್ಯದ ಡೇವಿಸ್-ಬೆಸ್ ಸ್ಥಾವರದಲ್ಲಿ ಒಂದು ಕವಾಟ ತೆರೆದೇ ಉಳಿದು, ಸಿಬ್ಬಂದಿಯು ತುರ್ತು ತಂಪುಗೊಳಿಸುವ ನೀರಿನ ಹರಿವನ್ನು ಅಕಾಲಿಕವಾಗಿ ತಗ್ಗಿಸಿದ್ದರು. ರಿಯಾಕ್ಟರ್ ಕಡಿಮೆ ಸಾಮರ್ಥ್ಯದಲ್ಲಿ ನಡೆಯುತ್ತಿದ್ದುದರಿಂದ ಹಾನಿಯಾಗಲಿಲ್ಲ. ರಿಯಾಕ್ಟರ್ ತಯಾರಿಸಿದ್ದ ಬ್ಯಾಬ್‌ಕಾಕ್ ಅಂಡ್ ವಿಲ್ಕಾಕ್ಸ್ ಕಂಪನಿಯ ಎಂಜಿನಿಯರೊಬ್ಬರು 1978ರ ಫೆಬ್ರವರಿಯಲ್ಲಿ, ಎಲ್ಲ ಸ್ಥಾವರಗಳಿಗೂ ಹೊಸ ಸೂಚನೆ ನೀಡಬೇಕೆಂದು ಆಂತರಿಕ ಟಿಪ್ಪಣಿ ಬರೆದರು. ಅದೇ ವರ್ಷದ ಆಗಸ್ಟ್‌ನಲ್ಲಿ ಮತ್ತೊಂದು ವಿಭಾಗದಿಂದ ಇನ್ನೊಂದು ಟಿಪ್ಪಣಿ ಹೋಯಿತು. ಅದರ ವಿಷಯದ ಸಾಲು ತಾಂತ್ರಿಕವಾಗಿತ್ತು. ಆರಂಭದಲ್ಲಿ ಹಿಂದಿನ ಪತ್ರಗಳ ಉಲ್ಲೇಖವಿತ್ತು. ಇಂಧನಕ್ಕೆ ಹಾನಿಯಾಗುವ ಸಂಭವ ಮೊದಲ ನೋಟಕ್ಕೆ ಸಿಗುವ ಜಾಗದಲ್ಲಿರಲಿಲ್ಲ. ಸೂಚನೆಗಳು ಸ್ಥಾವರಗಳನ್ನು ತಲುಪುವ ಮೊದಲೇ, 1979ರ ಮಾರ್ಚ್ 28ರಂದು, ತ್ರೀ ಮೈಲ್ ಐಲ್ಯಾಂಡ್‌ನಲ್ಲಿ ಅದೇ ಬಗೆಯ ಘಟನೆ ಮರುಕಳಿಸಿ ರಿಯಾಕ್ಟರ್‌ನ ಒಡಲು ಭಾಗಶಃ ಕರಗಿತು.

ಅಪಘಾತಕ್ಕೆ ಯಂತ್ರದೋಷ, ತರಬೇತಿಯ ಕೊರತೆ, ನಿಯಂತ್ರಣ ಕೊಠಡಿಯ ವಿನ್ಯಾಸ ಹೀಗೆ ಹಲವು ಕಾರಣಗಳಿದ್ದವು. ಟಿಪ್ಪಣಿಯೊಂದನ್ನೇ ದೂರುವುದು ಸರಿಯಲ್ಲ. ಆದರೂ ಬೇಕಾದ ತಿಳಿವಳಿಕೆ ಕಂಪನಿಯೊಳಗೆ ಕಾಗದದ ಮೇಲೆ ಇತ್ತು, ಕ್ರಮ ಕೈಗೊಳ್ಳಬೇಕಾದವರನ್ನು ಅದು ಎಚ್ಚರಿಸಲಿಲ್ಲ ಎಂಬುದು ಈ ಪ್ರಕರಣವನ್ನು ಇಂದಿಗೂ ಪ್ರಸ್ತುತವಾಗಿಸಿದೆ.

ಭಾರತದ ನೇಮಕಾತಿ ಪರೀಕ್ಷೆಗಳು

ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಮುಖ್ಯ ಪರೀಕ್ಷೆಯಲ್ಲಿ 1993ರಿಂದ ಪ್ರಬಂಧ ಪತ್ರಿಕೆಯಿದೆ. 2013ರಿಂದ ಅದಕ್ಕೆ 250 ಅಂಕಗಳು. ಇದನ್ನು ಕನ್ನಡದಲ್ಲಿಯೂ ಬರೆಯಬಹುದು. ಅರ್ಹತೆಗಾಗಿ ಮಾತ್ರ ಇರುವ ಭಾಷಾ ಪತ್ರಿಕೆಗಳಲ್ಲಿ ಸಂಕ್ಷೇಪ ಲೇಖನ ಸೇರಿದೆ. ಬ್ಯಾಂಕ್ ಪರೀಕ್ಷೆಗಳಲ್ಲಿ ಪತ್ರ ಮತ್ತು ಪ್ರಬಂಧ ಬಹುಕಾಲ ರೂಢಿಯಲ್ಲಿದ್ದವು. ಭಾರತೀಯ ಸ್ಟೇಟ್ ಬ್ಯಾಂಕ್ 2023ರ ಪ್ರೊಬೇಷನರಿ ಅಧಿಕಾರಿ ನೇಮಕಾತಿಯಲ್ಲಿ ವಿವರಣಾತ್ಮಕ ಪತ್ರಿಕೆಯನ್ನು ಇ-ಮೇಲ್, ವರದಿ, ಸನ್ನಿವೇಶ ವಿಶ್ಲೇಷಣೆ ಮತ್ತು ಸಂಕ್ಷೇಪ ಲೇಖನಗಳತ್ತ ತಿರುಗಿಸಿತು. ಕೆಲಸದಲ್ಲಿ ನಿಜಕ್ಕೂ ಬರೆಯಬೇಕಾದುದನ್ನೇ ಪರೀಕ್ಷಿಸುವ ಈ ಕ್ರಮ ಹೆಚ್ಚು ಸಮಂಜಸ.

ಕರ್ನಾಟಕದಲ್ಲಿ ಕಚೇರಿ ಕನ್ನಡ

ರಾಜ್ಯದಲ್ಲಿ 1963ರ ರಾಜಭಾಷಾ ಅಧಿನಿಯಮದ ಪ್ರಕಾರ ಕನ್ನಡ ಆಡಳಿತ ಭಾಷೆ. ಸರ್ಕಾರಿ ಕಚೇರಿಗೆ ಸೇರುವ ಪದವೀಧರರು ವಿಷಯ ನಿರ್ವಾಹಕರಾಗಿ ಕಡತದಲ್ಲಿ ಟಿಪ್ಪಣಿ ಮಂಡಿಸಬೇಕು, ಪತ್ರದ ಕರಡು ತಯಾರಿಸಬೇಕು. ಪ್ರಸ್ತಾವನೆಯಲ್ಲಿ ಹಿನ್ನೆಲೆ ಹೇಳಿ ಆದೇಶ ಭಾಗದಲ್ಲಿ ತೀರ್ಮಾನ ನೀಡುವ ಸರ್ಕಾರಿ ಆದೇಶದ ರಚನೆ ಸ್ವತಃ ಅಚ್ಚುಕಟ್ಟಾದುದು. ತೊಡಕಿರುವುದು ರೂಢಿಯ ನುಡಿಗಟ್ಟುಗಳಲ್ಲಿ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ’ ಎಂಬ ಸಾಲು ಏನನ್ನೂ ತಿಳಿಸದೆ ಮುಗಿಯುತ್ತದೆ. ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬ ಕರ್ಮಣಿ ಪ್ರಯೋಗದಲ್ಲಿ ಕ್ರಮ ಕೈಗೊಳ್ಳುವವರು ಯಾರು, ಎಂದು ಎಂಬುದು ಮರೆಯಾಗುತ್ತದೆ. ಪಿಂಚಣಿಗೋ ಖಾತೆ ಬದಲಾವಣೆಗೋ ಅರ್ಜಿ ಹಾಕಿದವರಿಗೆ ಈ ಹಿಂಬರಹ ಬಂದರೆ, ಅದರ ಅರ್ಥ ಕೇಳಲು ಅವರು ಮತ್ತೆ ತಾಲ್ಲೂಕು ಕಚೇರಿಗೆ ಅಲೆಯಬೇಕಾಗುತ್ತದೆ.

ಖಾಸಗಿ ಕ್ಷೇತ್ರದಲ್ಲಿ, ವಿಶೇಷವಾಗಿ ಬೆಂಗಳೂರಿನ ತಂತ್ರಾಂಶ ಕಂಪನಿಗಳಲ್ಲಿ, ಬರವಣಿಗೆ ಬಹುತೇಕ ಇಂಗ್ಲಿಷಿನಲ್ಲಿ ನಡೆಯುತ್ತದೆ. ಕನ್ನಡ ಮಾಧ್ಯಮದಿಂದ ಬಂದವರ ಅಳುಕು ಸಹಜ. ಆದರೆ ಸಂಗತಿಯನ್ನು ಜೋಡಿಸುವ ಕ್ರಮ ಭಾಷೆಗೆ ಅಂಟಿದ್ದಲ್ಲ. ಕನ್ನಡದಲ್ಲಿ ಅದನ್ನು ರೂಢಿಸಿಕೊಂಡವರು ಇಂಗ್ಲಿಷಿನಲ್ಲಿ ಕಲಿಯಬೇಕಾದುದು ಪದ ಮತ್ತು ವಾಕ್ಯಗಳನ್ನಷ್ಟೇ.

ಕೃತಕ ಬುದ್ಧಿಮತ್ತೆಯ ಬಳಕೆ

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಿಡುಗಡೆಯಾದ ಬಳಿಕ ಕರಡು ತಯಾರಿಸುವ ಶ್ರಮ ಕಡಿಮೆಯಾಗಿದೆ. ಇಂತಹ ಸಾಧನಗಳು ವಾಕ್ಯವನ್ನು ತಿದ್ದಬಲ್ಲವು, ಇಲ್ಲದ ಸಂಗತಿಯನ್ನು ನಂಬುವಂತೆ ಬರೆಯಲೂಬಲ್ಲವು. ಕರಡಿನ ಅಂಕಿ, ದಿನಾಂಕ ಮತ್ತು ಹೆಸರುಗಳನ್ನು ಮೂಲದೊಂದಿಗೆ ತಾಳೆ ನೋಡುವ ಹೊಣೆ, ಸಹಿ ಹಾಕಿ ಕಳುಹಿಸುವವರದೇ ಆಗಿರುತ್ತದೆ.